ಅಕ್ಕನ ಮೂರನೇ ಟ್ಯೂಬು

ರಕ್ತ ತೆಗೆಯುವುದರಲ್ಲಿ ನನ್ನನ್ನು ಮೀರಿಸುವವರು ಈ ಭೂಮಂಡಲದಲ್ಲಿಲ್ಲ. ನಾನು ಬಾಗಿಲಲ್ಲಿ ನಿಂತು ಕೆಮ್ಮಿದರೆ ಸಾಕು, ಒಳಗೆ ಕೂತವರ ನರಗಳೆಲ್ಲ ಉಬ್ಬಿ ಎದ್ದು ನಿಲ್ಲುತ್ತವೆ. ಇಂಥ ನಾನು ಸ್ವಂತ ಅಕ್ಕನ ಮೇಲೆ ಪತ್ತೇದಾರಿ ಮಾಡಬೇಕಾಯಿತು.

ನಮ್ಮ ಆಸ್ಪತ್ರೆಯಲ್ಲೊಂದು ಸಂಶೋಧನೆ. ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ, ನನ್ನ ಅಕ್ಕನೂ ಸೇರಿ ಹನ್ನೆರಡು ಹೆಂಗಸರು ಪ್ರತಿ ಮಂಗಳವಾರ ವ್ಯಾಯಾಮದ ಸೈಕಲ್ಲನ್ನು ಅರ್ಧ ಗಂಟೆ ತುಳಿಯಬೇಕು. ಹತ್ತುವ ಮೊದಲು ಒಂದು ಟ್ಯೂಬು, ಇಳಿದ ಕೂಡಲೇ ಇನ್ನೊಂದು ಟ್ಯೂಬು ರಕ್ತ ನಾನು ತೆಗೆಯಬೇಕು. ದುಡಿಯುವ ಸ್ನಾಯು ರಕ್ತಕ್ಕೆ ಕೆಲವು ಪ್ರೋಟೀನುಗಳನ್ನು ಬಿಡುತ್ತದಂತೆ. ಅವು ಕೊಬ್ಬಿಗೆ ಕರಗು ಎನ್ನುತ್ತವೆ, ಲಿವರ್‌ಗೆ ಸಕ್ಕರೆ ಬಿಡು ಎನ್ನುತ್ತವೆ, ರೋಗದೊಡನೆ ಹೋರಾಡುವ ಬಿಳಿ ಕಣಗಳನ್ನು ಬಡಿದೆಬ್ಬಿಸುತ್ತವೆ. ಆ ರಕ್ತದ ತಿಳಿಯನ್ನು ಗಾಜಿನ ತಟ್ಟೆಯಲ್ಲಿರುವ ಕ್ಯಾನ್ಸರ್ ಕಣಗಳ ಮೇಲೆ ಹಾಕಿದರೆ ಅವುಗಳ ಬೆಳವಣಿಗೆ ತಗ್ಗುತ್ತದೆಯೇ ಎಂದು ಲ್ಯಾಬಿನ ಡಾಕ್ಟರಮ್ಮ ನೋಡುತ್ತಿದ್ದರು.

ಹನ್ನೊಂದು ಜನರ ರಕ್ತದಲ್ಲಿ ಪ್ರೋಟೀನು ಏರಿತು. ನನ್ನ ಅಕ್ಕನದು ಮಾತ್ರ ಎರಡು ವಾರವೂ ಜಪ್ಪಯ್ಯ ಎಂದರೂ ಏರಲಿಲ್ಲ.

“ನಿಮ್ಮಕ್ಕ ತುಳೀತಾರೋ, ಸೀಟ್ ಮೇಲೆ ನಿದ್ದೆ ಹೊಡೀತಾರೋ?” ಎಂದರು ಡಾಕ್ಟರಮ್ಮ. “ಇನ್ನೊಂದು ಸಲ ಹೀಗೇ ಬಂದ್ರೆ ಪಟ್ಟಿಯಿಂದ ಕೈಬಿಡಬೇಕಾಗುತ್ತೆ.”

ಅಕ್ಕನಿಗೆ ಹೇಳಿದೆ. ಅವಳ ಮುಖ ಇಳಿದುಹೋಯಿತು.

“ಮನೇಲಿ ಎಲ್ರೂ ಮಲಕ್ಕೋ ಮಲಕ್ಕೋ ಅಂತಾರೆ ಕಣೋ. ಎದ್ದು ತುಳಿ ಅನ್ನೋರು ಇಲ್ಲಿ ಮಾತ್ರ. ಇದನ್ನೂ ಕಿತ್ಕೊಂಡ್ರೆ ನಾನು ಮತ್ತೆ ಹಾಸಿಗೇಗೇ.”

“ನಾನಿದ್ದೀನಲ್ಲ” ಎಂದೆ. ಸಂಶಯ ಮಾತ್ರ ಬಿಡಲಿಲ್ಲ. ಚಿಕ್ಕಂದಿನಲ್ಲಿ ನನ್ನ ಪಾಲಿನ ಮಿಠಾಯಿ ನುಂಗಿ ತಪ್ಪನ್ನು ಇರುವೆಗಳ ಮೇಲೆ ಹಾಕಿದ ಮಹಾತಾಯಿ ಇವಳು!

ಮೂರನೇ ಮಂಗಳವಾರ ವ್ಯಾಯಾಮದ ಕೋಣೆಯ ಬಾಗಿಲಿನ ಗಾಜಿಗೆ ಮೂಗು ಒತ್ತಿ ನಿಂತೆ. ಪೆಡಲ್ ಸಡಿಲವೇ? ಅಲ್ಲ. ಮೀಟರು ಸುಳ್ಳೇ? ಅದೂ ಅಲ್ಲ. ಅಕ್ಕ ತುಳಿದ ರಭಸಕ್ಕೆ ಸೈಕಲ್ಲನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿದಿರದಿದ್ದರೆ ಅದು ಗೋಡೆ ಒಡೆದು ಸಮುದ್ರ ದಾಟುತ್ತಿತ್ತು. ಸುರಿದ ಬೆವರಿನಲ್ಲಿ ದೋಣಿ ಬಿಡಬಹುದಿತ್ತು. ಹಾಗಾದರೆ ಲ್ಯಾಬಿನವರೇ ಟ್ಯೂಬು ಅದಲುಬದಲು ಮಾಡುತ್ತಿದ್ದಾರೆಯೇ? ಡಾಕ್ಟರಮ್ಮನ ಮೇಲೂ ಒಂದು ಕಣ್ಣಿಟ್ಟೆ.

ಅಕ್ಕ ಇಳಿದು ನನ್ನ ಕೋಣೆಗೆ ಬಂದಳು.

“ಕೂತ್ಕೋ ಅಕ್ಕ, ನೀರು ಕುಡಿ. ಸುಸ್ತು ಆರಲಿ, ಆಮೇಲೆ ಚುಚ್ಚಿದ್ರಾಯ್ತು” ಎಂದು, ಆಪರೇಷನ್ ಆಗದ ಕಡೆಯ ಕೈಯನ್ನು ದಿಂಬಿನ ಮೇಲೆ ಇರಿಸಿದೆ. “ಮೊನ್ನೆ ಏನಾಯ್ತು ಗೊತ್ತಾ, ಕಣ್ಣು ಮುಚ್ಕೊಂಡು ಒಬ್ಬ ಪೈಲ್ವಾನನ...”

“ಪ್ರತಿ ಸಲ ಇದೇ ಆಯ್ತು ನಿಂದು! ಬೇರೆಯವರನ್ನ ಇಳೀತಿದ್ದ ಹಾಗೇ ಚುಚ್ಚಿ ಕಳಿಸ್ತೀಯ. ನನ್ನನ್ನ ಮಾತ್ರ ಒಂದು ಗಂಟೆ ಕೂರಿಸಿ ಕೊಚ್ಕೋತೀಯ. ನಾನೇನು ನಿನ್ನ ಪ್ರತಾಪ ಕೇಳೋಕೆ ಹುಟ್ಟಿದ್ನಾ?”

ಸೂಜಿ ಕೈಯಲ್ಲೇ ನಿಂತಿತು. ಖಾಲಿ ಟ್ಯೂಬಿನ ಚೀಟಿಯ ಮೇಲೆ ಸಮಯ ಆಗಲೇ ಬರೆದಿತ್ತು: ಹತ್ತು ಮೂವತ್ತೆರಡು. ಎಲ್ಲರ ಚೀಟಿಗೂ ಬೆಳಗ್ಗೆಯೇ ಸಮಯ ಬರೆದು ಅಂಟಿಸುವುದು ನನ್ನ ವೇಗದ ಗುಟ್ಟು. ಹಾಗಾಗಿ ಹಿಂದಿನ ಎರಡು ವಾರ ನಾನು ಅಕ್ಕನನ್ನು ಒಂದೊಂದು ಗಂಟೆ ಕೂರಿಸಿದ್ದು ಯಾವ ಕಾಗದದಲ್ಲೂ ಇರಲಿಲ್ಲ. ಅಷ್ಟು ಹೊತ್ತಿಗೆ ಏರಿದ ಪ್ರೋಟೀನು ಇಳಿದು ಮನೆ ಸೇರಿರುತ್ತಿತ್ತು.

ತಕ್ಷಣ ಚುಚ್ಚಿದೆ. ಚೀಟಿಯಲ್ಲಿದ್ದದ್ದನ್ನು ಹೊಡೆದುಹಾಕಿ, ಗಡಿಯಾರ ನೋಡಿ ಹತ್ತು ಮೂವತ್ತೇಳು ಎಂದು ಬರೆದೆ. ಅದೇ ಕಾಲಲ್ಲಿ ಡಾಕ್ಟರಮ್ಮನ ಬಳಿ ಹೋಗಿ ಎಲ್ಲ ಒಪ್ಪಿಕೊಂಡೆ.

“ಹಾಗಾದ್ರೆ ಉಳಿದವರ ಟೈಮೂ ಬೊಗಳೆನಾ?”

“ಇಲ್ಲ ಮೇಡಂ, ಅವರದ್ದು ಎರಡು ಮೂರು ನಿಮಿಷ ಆಚೀಚೆ ಅಷ್ಟೇ.”

“ನಿಮ್ಮನ್ನ ನಂಬೋದು ಹೇಗೆ?”

“ಪಕ್ಕದಲ್ಲೇ ಕೂತು ನೋಡಿ ಮೇಡಂ” ಎಂದೆ.

ವಾರದ ನಂತರ ಅಕ್ಕನ ಮೂರನೇ ಫಲಿತಾಂಶ ಬಂತು. ಪ್ರೋಟೀನು ಸಾವಿರ ಪಟ್ಟು ಏರಿತ್ತು ಎನ್ನಲು ನಾಲಿಗೆ ತುರಿಸುತ್ತಿದೆ. ಏರಿದ್ದು ಎರಡೂವರೆ ಪಟ್ಟು. ಅಕ್ಕನ ಹೆಸರು ಪಟ್ಟಿಯಲ್ಲಿ ಉಳಿಯಿತು. ಈಗ ಪ್ರತಿ ಮಂಗಳವಾರ ಅವಳು ತುಳಿಯುತ್ತಾಳೆ; ಡಾಕ್ಟರಮ್ಮ ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಅವಳನ್ನಲ್ಲ, ನನ್ನ ಪೆನ್ನನ್ನೇ ದುರುಗುಟ್ಟಿ ನೋಡುತ್ತಾರೆ.