ಕಿವಿಯ ಹಿಂದಿನ ಹೆಬ್ಬೆರಳು

ನವೆಂಬರ್ ಮೊದಲಲ್ಲಿ ಬರುವ ಸತ್ತವರ ಹಬ್ಬ ಕಳೆದು ವಿಯೆನ್ನಾದಲ್ಲಿ ಚಳಿ ಇಳಿದಿತ್ತು. ಮಧ್ಯಾಹ್ನ ಮೂರು ದಾಟಿದರೆ ಬೆಳಕು ಹೋಯಿತೆಂದೇ ಲೆಕ್ಕ. ಅಂಥ ಒಂದು ಹೊತ್ತಿನಲ್ಲಿ ಚಿತ್ರಗಾರ ಓಟ್ಮಾರ್ ಕುಂಚ ಕೆಳಗಿಟ್ಟು, "ಇನ್ನು ನೀವಿಬ್ಬರೂ ಒಟ್ಟಿಗೆ ಬರೋದು ಬೇಡ," ಎಂದ.

ರೆಸಿ ಅವನ ಚಿತ್ರಗಳಿಗೆ ಮಾದರಿಯಾಗಿ ನಿಲ್ಲುವವಳು. ತಬ್ಬಿಕೊಂಡ ಜೋಡಿಯ ಚಿತ್ರಕ್ಕೆ ಗಂಡಸು ಬೇಕೆಂದಾಗ, ತಾನು ಮದುವೆಯಾಗಲಿದ್ದ ವೆಂಜೆಲ್‌ನನ್ನೇ ಕರೆತಂದಿದ್ದಳು. ಬೊಹೀಮಿಯಾದ ಕಡೆಯವನು, ಇಟ್ಟಿಗೆ ಗೂಡಿನ ಆಳು. ಆಗೆಲ್ಲ ಊರ ಚಿತ್ರಗಾರರಿಗೆ ಇದೇ ಹುಚ್ಚು: ಗಂಡಿನ ಮುಖ ಹೆಣ್ಣಿನ ಕೂದಲಲ್ಲಿ ಮುಳುಗಬೇಕು, ಹೆಣ್ಣು ಕಣ್ಣು ಮುಚ್ಚಿರಬೇಕು, ಸುತ್ತ ಚಿನ್ನದ ರೇಕು ಹೊಳೆಯಬೇಕು.

"ಯಾಕೆ ಸ್ವಾಮಿ? ಸರಿಯಾಗಿ ತಬ್ಬಲಿಲ್ವಾ ನಾವು?" ಎಂದಳು ರೆಸಿ.

"ಹಳೇ ಪ್ರೇಮಿಗಳು ಗೋಣಿಚೀಲದ ಹಾಗೆ ಒಬ್ಬರ ಮೇಲೊಬ್ಬರು ಒರಗ್ತೀರಿ ಕಣೇ. ಚಿತ್ರದಲ್ಲಿ ಅದು ನಿದ್ದೆ ಥರ ಕಾಣುತ್ತೆ. ಬೇರೆ ಬೇರೆ ದಿನ ಬಂದು ಬೊಂಬೆ ತಬ್ಬಿ ನಿಲ್ಲಿ."

ಅದೊಂದು ಆಳೆತ್ತರದ ಮರದ ಬೊಂಬೆ. ಮೈಗೆ ಹೊಟ್ಟು ತುಂಬಿದ ಬಟ್ಟೆ, ತಲೆ ಮೊಟ್ಟೆಯಂತೆ ನುಣ್ಣಗೆ. ಡಿಸೆಂಬರ್ ಮೊದಲಲ್ಲೇ ರೆಸಿಯ ಪಾಲು ಮುಗಿಯಿತು. ಕೈಗಳ ಕೆಲಸ ಬಾಕಿಯೆಂದು ವೆಂಜೆಲ್ ಹೋಗುತ್ತಲೇ ಇದ್ದ.

"ನನ್ನ ಸವತಿ ಹೇಗಿದಾಳೋ?" ಎಂದು ಅವಳು ಕೆಣಕುವಳು.

"ಬಾಯಿಲ್ಲದವಳು. ನಿನಗಿಂತ ವಾಸಿ!"

ಇಬ್ಬರೂ ನಗುವರು. ಈಸ್ಟರ್ ಕಳೆದ ಮೇಲೆ ಮದುವೆಯೆಂದು ನಿಶ್ಚಯವಾಗಿತ್ತು.

ಫೆಬ್ರವರಿಯಲ್ಲಿ, ರೇಕು ಹಚ್ಚುವ ಮುಂಚೆ, ಓಟ್ಮಾರ್ ಅವಳನ್ನು ಕರೆದು ಚಿತ್ರ ತೋರಿಸಿದ. ಕೂದಲು ಅವಳದು, ಮುಖ ಅವಳದು. ಕೈಯೂ ವೆಂಜೆಲ್‌ನದೇ, ಇಟ್ಟಿಗೆ ಬಿದ್ದು ಸೀಳಿದ ಉಗುರು ಸಹ ಇತ್ತು. ಆದರೆ ಆ ಹೆಬ್ಬೆರಳು ಕಿವಿಯ ಹಾಲೆಯನ್ನು ಹಿಂದಿನಿಂದ ಮೆಲ್ಲಗೆ ಮಡಚಿ ಹಿಡಿದಿತ್ತು.

ರೆಸಿ ತನ್ನ ಕಿವಿ ಮುಟ್ಟಿಕೊಂಡಳು. ಅವನು ಒಮ್ಮೆಯೂ ಅವಳನ್ನು ಹಾಗೆ ಹಿಡಿದವನಲ್ಲ.

"ಈ ಬೆರಳು ನೀವೇ ಕಲ್ಪಿಸಿ ಬರೆದಿರಾ, ಸ್ವಾಮಿ?"

"ಕಣ್ಣಿಗೆ ಕಾಣದ ಒಂದು ಗೆರೇನೂ ಎಳೆಯೋನಲ್ಲ ನಾನು."

"ಬೊಂಬೆಗೆ ಕಿವಿ ಇಲ್ವಲ್ಲ."

ಓಟ್ಮಾರ್ ತಡವರಿಸಿದ. "ಕ್ರಿಸ್ಮಸ್ಸಿಗೆ ಮುಂಚೆ ಬೊಂಬೆ ಸೊಂಟ ಮುರೀತು. ಬಟ್ಟೆ ಒಗೆಯೋ ಮಿಲ್ಲಿ ಅನ್ನೋ ಹುಡುಗೀನ ವೆಂಜೆಲ್ಲೇ ಕರ್ಕೊಂಡು ಬಂದ. ರೆಸಿಗೆ ಹೇಳಿದೀನಿ ಅಂದನಲ್ಲ?" ಚಿತ್ರದತ್ತ ತಿರುಗಿ, "ಅವರು ನಿಮ್ಮ ಹಾಗೆ ಒರಗಲಿಲ್ಲ, ನೋಡು," ಎಂದ, ಕೆಲಸದ ಮಾತೆಂಬಂತೆ.

ಸಂಜೆ ವೆಂಜೆಲ್ ಬಂದ. ಉಪವಾಸ ಕಾಲಕ್ಕೆ ಮುಂಚಿನ ಕಾರ್ನಿವಲ್ಲಿನ ದಿನಗಳು, ಬರುವಾಗ ಜಾಮು ತುಂಬಿದ ಕರಿದ ಉಂಡೆಗಳನ್ನು ತಂದಿದ್ದ. ಇವನೇ ಹೇಳಲಿ, ಹೇಳಿದರೆ ಸಾಕು, ಎಂದುಕೊಂಡು ಅವಳು ಕೇಳಿದಳು:

"ಇಷ್ಟು ದಿನವೂ ಬೊಂಬೆಯನ್ನೇ ತಬ್ಬಿದ್ಯಾ?"

"ಮತ್ತಿನ್ಯಾರನ್ನ? ಮೂಗಿಗೆಲ್ಲ ಹೊಟ್ಟು ಹೋಯ್ತು!" ಸುಳ್ಳೇ ಸೀನಿದ. ಹೆಬ್ಬೆರಳಿಗಂಟಿದ ಸಕ್ಕರೆ ನೆಕ್ಕಿ ಇನ್ನೊಂದು ಉಂಡೆಗೆ ಕೈ ಹಾಕಿದ.

ರೆಸಿ ತಟ್ಟೆಯನ್ನು ಅವನ ಕಡೆ ಸರಿಸಿದಳು, ಅಷ್ಟೆ.

ಕಾರ್ನಿವಲ್ಲಿನ ಕುಣಿತ ಮುಗಿಯಿತು. ಮರುದಿನ ಬೆಳಿಗ್ಗೆ ಇಗರ್ಜಿಯಲ್ಲಿ ಹಣೆಗೆ ಬೂದಿ ಇಡಿಸಿಕೊಂಡು, ಯಾರಿಗೂ ಹೇಳದೆ, ರೆಸಿ ಲಿಂಜ್ ಊರಿನಲ್ಲಿದ್ದ ಅಕ್ಕನ ಮನೆಗೆ ರೈಲು ಹತ್ತಿ ಹೋದಳು. ಅಂದು ವಿಭೂತಿ ಬುಧವಾರ, ಉಪವಾಸ ಕಾಲದ ಮೊದಲ ದಿನ.