ಅಗೆಲಿನ ತುತ್ತು

ತಮ್ಮ ಜಿತೇಶನ ಉತ್ತರಕ್ರಿಯೆ ಮುಗಿದ ಮರುದಿನವೇ ಸುಗಂಧಿ ಕಾಪುವಿನಿಂದ ಬಸ್ಸು ಹತ್ತಿ, ಉಡುಪಿಯಲ್ಲಿ ಇನ್ನೊಂದು ಬಸ್ಸು ಹಿಡಿದು ಮಣಿಪಾಲಕ್ಕೆ ಬಂದಳು. ಡಾಕ್ಟರನ್ನು ಕೇಳಬೇಕಾದದ್ದು ಒಂದೇ ಮಾತು. ಅದನ್ನು ಕೇಳದೆ ಅವಳಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಎಂಟು ತಿಂಗಳ ಹಿಂದೆ ತನ್ನದೊಂದು ಕಿಡ್ನಿಯನ್ನು ತಮ್ಮನಿಗೆ ಕೊಟ್ಟವಳು ಅವಳೇ. ಅದು ಅವನ ಮೈಗೆ ಹೊಂದಿಕೊಂಡರೆ ದೈವಕ್ಕೆ ಅಗೆಲಿನ ಎಡೆ ಬಡಿಸುತ್ತೇನೆಂದು ಹರಕೆಯನ್ನೂ ಹೊತ್ತಿದ್ದಳು. ಹೊಂದಿಕೊಂಡಿತು. ಆದರೆ ಹರಕೆಯ ದಿನ ಬಾಳೆಲೆಯಲ್ಲಿ ದೈವಕ್ಕೆ ಬಡಿಸಿಟ್ಟ ಕೋಳಿಸಾರು ಮನೆಮಂದಿಯ ಕೈಗೆ ಬರುವಾಗ ತಣ್ಣಗಾಗಿ ಗಂಟೆಗಳೇ ಕಳೆದಿದ್ದವು.

"ಬಿಸಿ ಇಲ್ಲದ್ದು ತಿನ್ನಬಾರದು ಅಂತ ಡಾಕ್ಟ್ರು ಅಂದಿದ್ದಾರಲ್ಲ ಅಕ್ಕ," ಎಂದಿದ್ದ ಜಿತೇಶ್.

"ಪ್ರಸಾದಕ್ಕೆ ಎಂತ ಆಗುತ್ತದೆ ಮಾರಾಯ? ನಿನಗಾಗಿಯೇ ಹೊತ್ತ ಹರಕೆ ಅಲ್ವಾ? ಒಂದು ತುತ್ತು."

ಅಕ್ಕನ ಮಾತನ್ನು ಅವನು ಯಾವತ್ತು ಮೀರಿದ್ದ! ಬಾಯಿ ತೆರೆದ.

ಮರುದಿನ ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ಓಡಿದ್ದೇ ಓಡಿದ್ದು. ಅವನಿಗೆ ಮಾತ್ರ ಬರೀ ಜ್ವರ. ದೈವ ಅವನೊಬ್ಬನನ್ನು ಕಾಯಿತೆಂದು ಈ ಹುಚ್ಚಿ ಕೈಮುಗಿದಳು. ಮೂರನೆಯ ದಿನ ಆಸ್ಪತ್ರೆ ಸೇರಿದವನು ಆರನೆಯ ದಿನ ತೀರಿಕೊಂಡ.

"ಭೇದಿ ಆಗಿದ್ದರೆ ನಾನು ಹೆದರುತ್ತಿದ್ದೆ ಡಾಕ್ಟ್ರೇ. ಅವನಿಗೆ ಆಗಲೇ ಇಲ್ಲವಲ್ಲ, ಯಾಕೆ?" ಮಣಿಪಾಲದ ಆಸ್ಪತ್ರೆಯಲ್ಲಿ ಕೂತು ಸುಗಂಧಿ ಕೇಳಿದಳು.

ಡಾಕ್ಟರ್ ಆಂಜೆಲಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಕರುಳಿನ ಗೋಡೆಯಲ್ಲಿ ಕಾವಲಿನ ಜೀವಕೋಶಗಳು ಉಂಟಮ್ಮ. ಊಟದ ಜೊತೆ ಕೆಟ್ಟ ಬ್ಯಾಕ್ಟೀರಿಯಾ ಬಂದರೆ ಅವು ಉಳಿದವನ್ನು ಕೂಗಿ ಕರೆಯುತ್ತವೆ. ಸೋಂಕು ತಗಲಿದ ಕೋಶಗಳು ತಾವೇ ಕಳಚಿ ಬೀಳುತ್ತವೆ, ಬೇರೆಯವು ಉಳಿಯಲಿ ಅಂತ. ಭೇದಿ ಅಂದರೆ ಹೆಚ್ಚಾಗಿ ಆ ಜಗಳವೇ. ನಿಮ್ಮ ಕಿಡ್ನಿಯನ್ನು ಅವರ ಮೈ ಹೊರಗಿನದ್ದೆಂದು ಹಾಳು ಮಾಡಬಾರದಲ್ಲ, ಅದಕ್ಕೆ ಕೊಟ್ಟ ಮಾತ್ರೆಗಳು ಈ ಕಾವಲನ್ನೂ ಮಂಕು ಮಾಡಿದ್ದವು. ಬ್ಯಾಕ್ಟೀರಿಯಾ ಸದ್ದಿಲ್ಲದೆ ರಕ್ತ ಸೇರಿತು."

ಸುಗಂಧಿ ಕೇಳಬೇಕಾದದ್ದು ಇನ್ನೂ ಬಾಕಿ ಇತ್ತು.

"ಅದು ಎಲ್ಲಿಂದ ಬಂತು ಡಾಕ್ಟ್ರೇ?"

ಅವರು ಫೈಲು ತಿರುವಿದರು. "ಕಾರ್ಕಳ ಬಸ್ ಸ್ಟ್ಯಾಂಡಿನಲ್ಲಿ ಆಮ್ಲೆಟ್ ತಿಂದೆ ಅಂತ ಅವರೇ ಬರೆಸಿದ್ದಾರೆ. ಅಕ್ಕ ಬಂದು ಕೇಳಿದರೆ ಹೇಳಿ ಅಂತಲೂ ಅಂದಿದ್ದರು."

ಆಪರೇಷನ್ ಆದ ಮೇಲೆ ಜಿತೇಶ್ ಕಾರ್ಕಳಕ್ಕೆ ಹೋಗಿಯೇ ಇರಲಿಲ್ಲ. ಮನೆಯಂಗಳ ಬಿಟ್ಟರೆ ಈ ಆಸ್ಪತ್ರೆ, ಅಷ್ಟೇ. ಎರಡೂ ಕಡೆ ಜೊತೆಗಿದ್ದವಳು ಅವಳೇ.

"ಹೌದು ಡಾಕ್ಟ್ರೇ," ಎಂದಳು ಸುಗಂಧಿ. "ಅವನಿಗೆ ಆಮ್ಲೆಟ್ ಅಂದರೆ ಪ್ರಾಣ."

ಅಷ್ಟು ಹೇಳಿ ಅವಳು ಬಿಕ್ಕಿ ಬಿಕ್ಕಿ ಅತ್ತಳು.