ನಾಲಿಗೆಯಡಿಯ ಹತ್ತು ನಿಮಿಷ

ಗಂಡ ಜೈಲಿನಲ್ಲಿದ್ದ ಎರಡು ವರ್ಷ ಟೈಲರಮ್ಮನಿಗೆ ಯಾರ ಮೇಲೂ ಹೊಟ್ಟೆಕಿಚ್ಚು ಇರಲಿಲ್ಲ. ಅಲ್ಲಿದ್ದವರೆಲ್ಲ ಗಂಡಸರು, ಗೋಡೆ ಎತ್ತರ, ಬಾಗಿಲಿಗೆ ಬೀಗ. ಗಂಡ ಎಲ್ಲಿದ್ದಾನೆ, ಯಾರ ಜೊತೆಗಿದ್ದಾನೆ ಎಂದು ಸರ್ಕಾರವೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿತ್ತು. ಅವಳ ಹೊಟ್ಟೆ ಉರಿಯತೊಡಗಿದ್ದು ಅವನು ಬಿಡುಗಡೆಯಾದ ಮೂರನೆಯ ದಿನ, ಪಟ್ಟಣದ ಕ್ಲಿನಿಕ್ಕಿನ ಗಾಜಿನ ಬಾಗಿಲ ಮುಂದೆ.

ಅವನು ಗಾರೆ ಕೆಲಸದವನು. ಮೂರನೆಯ ಮಹಡಿಗೆ ಕಟ್ಟಿದ್ದ ಸಾರುವೆಯಿಂದ ಬಿದ್ದು ಬೆನ್ನು ಮುರಿದುಕೊಂಡಿದ್ದ. ನೋವಿಗೆಂದು ಕೊಟ್ಟ ಮಾತ್ರೆ ನೋವು ಹೋದ ಮೇಲೂ ಅವನನ್ನು ಬಿಡಲಿಲ್ಲ. ಮಾತ್ರೆಯಿಂದ ಸೂಜಿಗೆ, ಸೂಜಿಯಿಂದ ಔಷಧಿ ಅಂಗಡಿಯ ಷಟರ್ ಮುರಿಯುವುದಕ್ಕೆ, ಅಲ್ಲಿಂದ ನೇರ ಜೈಲಿಗೆ. ಚಟ ಬಿಡಿಸುವ ಔಷಧಿಯನ್ನು ಜೈಲಿನ ಡಾಕ್ಟರೇ ಶುರು ಮಾಡಿದ್ದರು. ಹೊರಗೆ ಕಳಿಸುವಾಗ ಕೈಗೊಂದು ಚೀಟಿ ಕೊಟ್ಟು, ಒಂದು ದಿನವೂ ತಪ್ಪಿಸದೆ ಈ ಕ್ಲಿನಿಕ್ಕಿಗೆ ಹೋಗಬೇಕೆಂದು ಹೇಳಿದ್ದರು.

ಕ್ಲಿನಿಕ್ಕಿನ ಕ್ರಮ ಹೀಗೆ. ನರ್ಸ್ ಮಾತ್ರೆಯನ್ನು ಅವನ ನಾಲಿಗೆಯ ಕೆಳಗೆ ಇಡಿಸುತ್ತಾಳೆ. ಅದು ಅಲ್ಲೇ ಕರಗಬೇಕು, ಹತ್ತು ನಿಮಿಷ. ಅಷ್ಟು ಹೊತ್ತೂ ಅವಳು ಎದುರಿಗೇ ಕೂತಿರುತ್ತಾಳೆ. ಆಮೇಲೆ ಅವನು ಬಾಯಿ ಅಗಲಿಸಿ ನಾಲಿಗೆ ಎತ್ತಬೇಕು. ಅವಳು ಪುಟ್ಟ ಟಾರ್ಚು ಹಿಡಿದು ಇಣುಕಿ ನೋಡಿ ರಿಜಿಸ್ಟರಿನಲ್ಲಿ ಗುರುತು ಹಾಕುತ್ತಾಳೆ. ಮನೆಯವರು ಗಾಜಿನ ಆಚೆ, ಬೆಂಚಿನ ಮೇಲೆ.

ಬೆಂಚಿನ ಮೇಲೆ ಕೂತು ಟೈಲರಮ್ಮ ಕಂಡದ್ದೇನು? ನರ್ಸ್ ಕೈ ಆಡಿಸಿ ಆಡಿಸಿ ಏನೋ ಹೇಳುತ್ತಿದ್ದಳು. ಉದ್ದ ಜಡೆ, ಗಲ್ಲದಲ್ಲಿ ಗುಳಿ. ಗಂಡ ತಲೆ ಆಡಿಸುತ್ತಿದ್ದ, ಅವನ ಕಣ್ಣು ನಗುತ್ತಿತ್ತು. ಇವಳು ಎರಡು ವರ್ಷ ತಿಂಗಳಿಗೊಮ್ಮೆ ಎರಡು ಬಸ್ಸು ಬದಲಾಯಿಸಿ ಹೋಗಿ, ಜೈಲಿನ ಜಾಲರಿಗೆ ಮುಖ ಒತ್ತಿಕೊಂಡು ಮಾತಾಡಿದರೆ ಈ ಮನುಷ್ಯ ಉತ್ತರ ಕೊಡುತ್ತಿದ್ದದ್ದು ಎರಡೇ: ‘ಹೂಂ’, ‘ಉಹೂಂ’. ಈಗ ಜಾಲರಿ ಹೋಗಿ ಗಾಜು ಬಂದಿತ್ತು, ಅಷ್ಟೇ. ಗಾಜಿನ ಒಳಗೆ ಬೇರೆಯವಳಿದ್ದಳು.

"ಏನ್ರೀ ಅಷ್ಟೊತ್ತು ಮಾತು?" ಎಂದು ಬಸ್ಸಿನಲ್ಲಿ ಕೇಳಿದಳು.

"ನಾನೆಲ್ಲಿ ಮಾತಾಡ್ದೆ? ಸಿಸ್ಟರೇ ಏನೋ ಹೇಳ್ತಿದ್ರು."

"ಏನೋ ಅಂದ್ರೆ?"

"ಏನೋ ಕಣೇ. ಅವರ ಮನೆ ವಿಷ್ಯ."

ಸಿಸ್ಟರ್ ಅಂತೆ! ಹಾಗೆ ಕರೆದ ಮಾತ್ರಕ್ಕೆ ಒಡಹುಟ್ಟಿದವಳಾಗಿಬಿಡುತ್ತಾಳೆಯೇ? ಮನೆ ವಿಷಯ ಹೇಳಿಕೊಳ್ಳುವುದಕ್ಕೆ ಊರಲ್ಲಿ ಬೇರೆ ಯಾರೂ ಸಿಗಲಿಲ್ಲವೇ? ಮೂರು ವಾರ ದಿನವೂ ಅದೇ ಬೆಂಚು, ಅದೇ ಗಾಜು. ಟೈಲರಮ್ಮ ಸೊರಗಿಹೋದಳು. ಒಬ್ಬರ ರವಿಕೆಗೆ ಇನ್ನೊಬ್ಬರ ತೋಳು ಹೊಲಿದು, ಬಿಚ್ಚಿ, ಮತ್ತೆ ಹೊಲಿದಳು.

ಕೊನೆಗೆ ಉಪಾಯ ಹೊಳೆಯಿತು. ಹಳ್ಳಿಯಿಂದ ದಿನಾ ಬರುವುದು ಕಷ್ಟ, ಮಾತ್ರೆ ಮನೆಗೇ ಕೊಡಿ, ನಾನೇ ನೋಡಿಕೊಳ್ಳುತ್ತೇನೆ ಎಂದು ಕೇಳಿಕೊಂಡಳು. ದೂರದವರಿಗೆ ಹಾಗೆ ಕೊಡುವುದಿತ್ತು. ಡಾಕ್ಟರ್ ಒಪ್ಪಿ ಒಂದು ವಾರದ್ದು ಬರೆದರು. ನರ್ಸ್ ಡಬ್ಬಿ ಕೊಡುತ್ತಾ ಎಲ್ಲವನ್ನೂ ಬಿಡಿಸಿ ಹೇಳಿದಳು.

"ಈ ದಿನಗಳೇ ಕಂಟಕ ಅಕ್ಕಾ. ಎರಡು ವರ್ಷ ಬಿಟ್ಟಿರೋ ಮೈ ಇದು. ತಡೆಯೋಕಾಗ್ದೆ ಹಳೇ ಅಳತೆಯಲ್ಲಿ ಒಂದು ಸಲ ಸೂಜಿ ಚುಚ್ಕೊಂಡ್ರೂ ಉಸಿರು ನಿಂತ್ಹೋಗುತ್ತೆ."

ಇಷ್ಟು ಟೈಲರಮ್ಮನಿಗೆ ಕೇಳಿಸಿತು. ಆಮೇಲಿನದು ಕೇಳಿಸಲಿಲ್ಲ. ನರ್ಸ್ ಮಾತಾಡುತ್ತಾ ಜಡೆಯನ್ನು ಹಿಂದಕ್ಕೆ ಎಸೆದುಕೊಂಡಳಲ್ಲ, ಇವಳ ಗಮನವೆಲ್ಲ ಅತ್ತ ಹೋಯಿತು. ಎಲ್ಲದಕ್ಕೂ ‘ಸರಿ ಸರಿ’ ಎಂದು ತಲೆ ಆಡಿಸಿ ಡಬ್ಬಿ ಕಿತ್ತುಕೊಂಡಂತೆ ತೆಗೆದುಕೊಂಡಳು.

ಮರುದಿನ ಬೆಳಿಗ್ಗೆ ಹೊಲಿಗೆ ಯಂತ್ರದ ಪಕ್ಕದ ಕುರ್ಚಿಯಲ್ಲಿ ಗಂಡನನ್ನು ಕೂರಿಸಿದಳು. ಅವನು ಮಾತ್ರೆಯನ್ನು ನಾಲಿಗೆಯಡಿ ಇಟ್ಟ. ಹತ್ತು ನಿಮಿಷ ಈಗ ಅವಳದು! ವಿಚಾರಣೆ ಶುರುವಾಯಿತು.

"ಈಗ ಹೇಳಿ. ಅವಳ ಮುಂದೆ ಯಾಕೆ ನಗ್ತಿದ್ರಿ?"

ಅವನು ಬಾಯಿ ತೋರಿಸಿ, ‘ಆಮೇಲೆ’ ಎಂಬಂತೆ ಕೈ ಮಾಡಿದ.

"ಬಾಯಿಗೆ ಹೊಲಿಗೆ ಹಾಕಿದಾರಾ? ಅಲ್ಲಾದ್ರೆ ಕಣ್ಣಲ್ಲೇ ಪುರಾಣ, ಇಲ್ಲಿ ಮೌನವ್ರತ!" ಎಂದವಳ ಕಣ್ಣಲ್ಲಿ ನೀರು ತುಂಬಿತು.

ಮಾತಾಡಬಾರದೆಂದು ಅವನಿಗೆ ಗೊತ್ತಿತ್ತು. ಆದರೆ ಹೆಂಡತಿಯನ್ನು ಎರಡು ವರ್ಷ ಒಂಟಿಯಾಗಿ ದುಡಿಯಲು ಬಿಟ್ಟಿದ್ದವನಿಗೆ, ಸುಮ್ಮನಿರು ಎನ್ನುವ ಬಾಯಿ ಎಲ್ಲಿಂದ ಬರಬೇಕು? ಅಳುವುದನ್ನು ನೋಡಲಾರದೆ, ಉಗುಳು ನುಂಗಿ ನುಂಗಿ ಸಮಾಧಾನ ಹೇಳಿದ. ಮರುದಿನವೂ ಹಾಗೇ, ಅದರ ಮರುದಿನವೂ.

ನಾಲ್ಕನೆಯ ದಿನ ಅವನಿಗೆ ಆಕಳಿಕೆ ಹತ್ತಿತು, ನಿಂತಲ್ಲಿ ಕೂತಲ್ಲಿ ಆಕಳಿಕೆ. ಕಣ್ಣಲ್ಲಿ ನೀರು. ಊಟ ಸೇರದು, ನಿದ್ದೆ ಬಾರದು. ಇದ್ದಕ್ಕಿದ್ದಂತೆ ಮೈಯೆಲ್ಲ ಬೆವರು, ಮುಳ್ಳೆದ್ದ ತೋಳು. ಕೂತರೆ ಕಾಲು ಅಲುಗಾಡಿಸುತ್ತಾನೆ, ಎದ್ದರೆ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಾನೆ. ನಮ್ಮ ಟೈಲರಮ್ಮ ರೋಗ ಪತ್ತೆ ಹಚ್ಚಿಬಿಟ್ಟಳು: ವಿರಹ! ನರ್ಸನ್ನು ನೋಡದೆ ನಾಲ್ಕು ದಿನವಾಯಿತಲ್ಲ! ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಆರನೆಯ ದಿನ ಬೆಳಿಗ್ಗೆ ಅವನು ಅಂಗಿ ಹಾಕಿಕೊಂಡು, "ಗಡ್ಡ ತೆಗೆಸ್ಕೊಂಡು ಬರ್ತೀನಿ" ಎಂದ. ನಿನ್ನೆಯೇ ತೆಗೆಸಿದ್ದ ಗಡ್ಡ. ಅವನು ಹೊಸ್ತಿಲು ದಾಟಿದ್ದೇ, ಬಟ್ಟೆಯನ್ನು ಸೂಜಿಯಡಿಯಲ್ಲೇ ಬಿಟ್ಟು, ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿರುವಂತೆಯೇ ಟೈಲರಮ್ಮ ಹಿಂದೆ ಹೊರಟಳು.

ಅವನು ಮದುವಣಿಗನ ಹಾಗೆ ನಿಧಾನ ನಡೆಯುತ್ತಿದ್ದ. ಇವಳಿಗೆ ಅದನ್ನು ನೋಡಿಯೂ ಮೈ ಉರಿಯಿತು. ಊರ ಹೊರಗೆ ರಸ್ತೆ ಎರಡಾಗುತ್ತದೆ. ಎಡಕ್ಕೆ ಪಟ್ಟಣದ ಬಸ್ಸು ನಿಲ್ಲುವ ಜಾಗ. ಬಲಕ್ಕೆ ಪಂಕ್ಚರ್ ಅಂಗಡಿ, ಅದರ ಹಿಂದೆ ಸೂಜಿ ಹಂಚಿಕೊಳ್ಳುತ್ತಿದ್ದ ಅವನ ಹಳೆಯ ಸ್ನೇಹಿತರು. ಅವನು ಕವಲಿನಲ್ಲಿ ನಿಂತ. ಹಳೆಯ ಟೈರುಗಳ ರಾಶಿಯ ಮರೆಯಲ್ಲಿ ಇವಳೂ ನಿಂತಳು. ಎಡಕ್ಕೆ ಬೇಡ, ದೇವರೇ, ಅವಳ ಹತ್ತಿರ ಹೋಗುವುದು ಬೇಡ ಎಂದು ಮನಸ್ಸು ಬೇಡಿಕೊಂಡಿತು.

ಅವನು ಬಲಕ್ಕೆ ತಿರುಗಿದ.

ಅಬ್ಬ, ಎಂದುಕೊಂಡಳು ಟೈಲರಮ್ಮ. ನಿಜಕ್ಕೂ ಹಾಗೆಯೇ ಅಂದುಕೊಂಡಳು. ಎದೆಯ ಮೇಲಿನ ಕಲ್ಲು ಇಳಿಯಿತು. ಬಲಕ್ಕೆ ಏನಿದೆ ಎಂಬುದು ನೆನಪಾಗಲು ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು, ಆಮೇಲೆ ಅವಳು ಓಡಿದ ಓಟಕ್ಕೆ ಒಂದು ಚಪ್ಪಲಿ ರಸ್ತೆಯಲ್ಲೇ ಉಳಿಯಿತು.

ಕೈ ಹಿಡಿದಾಗ ಅವನ ಕೈ ತಣ್ಣಗೆ ಬೆವೆತಿತ್ತು. ಅವನು ಬಿಡಿಸಿಕೊಳ್ಳಲಿಲ್ಲ.

"ಬನ್ನಿ. ನಿಮ್ಮ ಸಿಸ್ಟರ್ ಹತ್ರಾನೇ ಹೋಗೋಣ" ಎಂದಳು.

ನರ್ಸ್ ನಾಡಿ ಹಿಡಿದು, ಅವನ ಕಣ್ಣರೆಪ್ಪೆ ಬಿಡಿಸಿ ನೋಡಿ, ಕೇಳಿದ ಮೊದಲ ಮಾತೇ, "ಹತ್ತು ನಿಮಿಷ ಬಾಯಿ ಮುಚ್ಕೊಂಡಿದ್ರಾ?" ಹೆಂಡತಿ ಹೇಳಿದಳು, "ನಾನೇ ಮಾತಾಡಿಸಿದೆ. ದಿನಾ."

"ಅಯ್ಯೋ ಅಕ್ಕಾ! ಮಾತಾಡಿದ್ರೆ ಔಷಧಿ ಎಂಜಲ ಜೊತೆ ಹೊಟ್ಟೆಗೆ ಹೋಗುತ್ತೆ, ಹೋದ್ರೆ ಹೆಚ್ಚಿನದೆಲ್ಲ ದಂಡ. ಆರು ದಿನದಿಂದ ಇವರ ಮೈಗೆ ಔಷಧಿ ಸಾಲದೆ ಒದ್ದಾಡಿದೆ."

"ಆ ಆಕಳಿಕೆ?"

"ಅದಕ್ಕೇ."

"ಕಣ್ಣೀರು?"

"ಅದೂ ಅದಕ್ಕೇ."

ಟೈಲರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆದರೂ ಕೇಳದೆ ಇರಲಾಗಲಿಲ್ಲ. "ಸಿಸ್ಟರ್, ನೀವು ದಿನಾ ಇವರಿಗೆ ಏನು ಹೇಳ್ತಿದ್ರಿ?"

"ನಾನಾ? ನಮ್ಮತ್ತೆ ವಿಷ್ಯ! ಇವರು ತಿರುಗಿ ಮಾತಾಡೋ ಹಾಗಿಲ್ಲವಲ್ಲ. ಹತ್ತು ನಿಮಿಷ ಅಡ್ಡ ಬಾಯಿ ಹಾಕದೆ ನನ್ನ ಗೋಳು ಕೇಳೋರು ಇನ್ನೆಲ್ಲಿ ಸಿಗ್ತಾರೆ ಹೇಳಿ?"

ಡಾಕ್ಟರನ್ನು ಕೇಳಿ ಬಂದು ನರ್ಸ್ ಮಾತ್ರೆ ಇಡಿಸಿದಳು. ತನ್ನ ಕುರ್ಚಿಯನ್ನು ಟೈಲರಮ್ಮನ ಕಡೆ ತಳ್ಳಿ, "ಕೂತ್ಕೊಳ್ಳಿ. ನೀವು ಏನು ಬೇಕಾದ್ರೂ ಹೇಳಿ, ಅವರಿಂದ ಉತ್ತರ ಮಾತ್ರ ಕೇಳ್ಬೇಡಿ" ಎಂದು ರಿಜಿಸ್ಟರಿನ ಕಡೆ ಹೋದಳು.

ಟೈಲರಮ್ಮ ಮೊದಲ ಬಾರಿಗೆ ಗಾಜಿನ ಒಳಗೆ ಕೂತಳು. ಟೇಪಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ, ಕೊನೆಗೆ ಬಾಯಿಬಿಟ್ಟಳು.

"ನೀವು ಬಲಕ್ಕೆ ತಿರುಗಿದಾಗ ನನಗೆ ಸಮಾಧಾನ ಆಯ್ತು ಕಣ್ರೀ. ಈ ಸಿಸ್ಟರ್ ಹತ್ರ ಹೋಗ್ತಿಲ್ಲವಲ್ಲ ಅಂತ. ಸಾಯೋಕೆ ಹೋಗ್ತಿದೀರಿ ಅಂತ ಹೊಳೀಲೇ ಇಲ್ಲ. ನಾನು ಎಂಥ ಹೆಂಡ್ತಿ?"

ಅವನ ತುಟಿ ಅಲುಗಿತು. ಅವಳು ತಕ್ಷಣ ಅಂಗೈಯಿಂದ ಅವನ ಬಾಯಿ ಮುಚ್ಚಿದಳು. ಹಾಗೇ ಮುಚ್ಚಿಕೊಂಡು ಉಳಿದ ನಿಮಿಷಗಳಷ್ಟೂ ಕೂತಳು. ಹೊತ್ತಾದ ಮೇಲೆ ನರ್ಸ್ ಟಾರ್ಚನ್ನು ಅವಳ ಕೈಗೇ ಕೊಟ್ಟಳು. ಅವನು ನಾಲಿಗೆ ಎತ್ತಿದ. ಅವಳು ಬಗ್ಗಿ ನೋಡಿದಳು. ಅಲ್ಲಿ ಏನೂ ಉಳಿದಿರಲಿಲ್ಲ.

"ಈಗ ಹೇಳಿ" ಎಂದಳು.

"ನೀನು ಹಿಂದೆ ಬರ್ತಿದೀಯ ಅಂತ ಗೊತ್ತಿತ್ತು" ಎಂದ ಅವನು. "ಅದಕ್ಕೇ ನಿಧಾನ ನಡೆದೆ."